ಎತ್ತಿಕೊಂಡವರು

2023ರ ಜೂನ್ ಮೊದಲ ವಾರದಲ್ಲಿ, ಲಂಡನ್ನಿನ ಹ್ಯಾಕ್ನಿ ಎಂಬ ಭಾಗದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ರಾತ್ರಿ ಒಂದೂವರೆ ಗಂಟೆಗೆ ನನ್ನ ಒಂಬತ್ತು ತಿಂಗಳ ಮಗಳು ಎದ್ದು ಕುಳಿತು ಕೇಕೆ ಹಾಕಿದಳು. ಊರಿನಲ್ಲಿ ಆಗ ಬೆಳಗಿನ ಆರು ಗಂಟೆ. ಅವಳ ಅಜ್ಜಿ ಬಚ್ಚಲ ಒಲೆಗೆ ಬೆಂಕಿ ಹಾಕಿ, ಎಣ್ಣೆ ನೀರಿಗೆಂದು ಅವಳನ್ನು ಎಬ್ಬಿಸುವ ಹೊತ್ತು. ಬೇಸಿಗೆಯಲ್ಲಿ ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ ಎಂಬುದನ್ನು ಅಷ್ಟು ಚಿಕ್ಕ ದೇಹಕ್ಕೆ ಯಾರೂ ಹೇಳಿಕೊಡಲಾರರು. ಹಾಸನದ ನನ್ನ ತವರುಮನೆಯಲ್ಲಿ ಅವಳು ಮಲಗುತ್ತಿದ್ದುದು ಅಮ್ಮನ ಹಳೆಯ ಹತ್ತಿ ಸೀರೆಯನ್ನು ತೊಲೆಗೆ ಕಟ್ಟಿ ಮಾಡಿದ ಜೋಲಿಯಲ್ಲಿ. ಆ ಸೀರೆಯ ಅರ್ಧವನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದಿದ್ದೆ. ಆದರೆ ಆ ಮನೆಯ ನುಣುಪಾದ ಬಿಳಿ ಚಾವಣಿಯಲ್ಲಿ ಒಂದು ಕೊಕ್ಕೆಯೂ ಇರಲಿಲ್ಲ. ಹಾಗಾಗಿ ಅವಳನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಇದ್ದೆ. ನಾಲ್ಕು ಗಂಟೆಗೆ ಮೊದಲೇ ಆಕಾಶ ತಿಳಿಯಾಗತೊಡಗಿತು. ಕೆಳಗಿನ ಬೀದಿಯಲ್ಲಿ ಕೆಂಬಣ್ಣದ ನರಿಯೊಂದು, ನಮ್ಮೂರಿನ ಬೀದಿನಾಯಿಯಷ್ಟೇ ಸಲೀಸಾಗಿ, ಕಸದ ಡಬ್ಬಿಗಳ ನಡುವೆ ನಡೆದುಹೋಯಿತು. ಮಗಳು ಅದನ್ನು ಬೆರಳು ಮಾಡಿ ತೋರಿಸಿದಳು. ಆ ನಗರದಲ್ಲಿ ನಾವಿಬ್ಬರೂ ಒಟ್ಟಿಗೆ ನೋಡಿದ ಮೊದಲ ಜೀವ ಅದು.

ನನ್ನ ಪತಿಯನ್ನು ಅವರ ಕಚೇರಿಯವರು ಐದು ವಾರಗಳ ಕೆಲಸಕ್ಕೆ ಅಲ್ಲಿಗೆ ಕಳುಹಿಸಿದ್ದರು. ನನ್ನ ಹೆರಿಗೆ ರಜೆ ಮುಗಿದು, ನಾನೇ ಪಡೆದುಕೊಂಡ ಸಂಬಳವಿಲ್ಲದ ರಜೆ ನಡೆಯುತ್ತಿತ್ತು. ಎಳೆಗೂಸನ್ನು ಕಟ್ಟಿಕೊಂಡು ಸಮುದ್ರದಾಚೆ ಹೋಗುವುದೇಕೆ ಎಂದು ಬಂಧುಗಳೆಲ್ಲ ಕೇಳಿದರು. ಐದು ವಾರ ತಂದೆಯನ್ನು ನೋಡದೆ ಈ ವಯಸ್ಸಿನ ಮಗು ಇರಬಾರದು ಎಂಬುದು ನನ್ನ ಉತ್ತರವಾಗಿತ್ತು. ಅಮ್ಮ ಮಾತ್ರ ಏನನ್ನೂ ಕೇಳದೆ ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ, ವಸ್ತ್ರಗಾಳಿತ ಮಾಡಿ ಎರಡು ಡಬ್ಬಿ ಸರಿಹಿಟ್ಟು ತಯಾರಿಸಿದರು. ಅವರು ಕಾಯಿಸಿದ ತುಪ್ಪವನ್ನು ಮಾತ್ರ ಬಿಟ್ಟು ಹೋಗಬೇಕಾಯಿತು, ಏಕೆಂದರೆ ಭಾರತದಿಂದ ಬರುವ ಪ್ರಯಾಣಿಕರು ಹಾಲಿನಿಂದ ಮಾಡಿದ ಪದಾರ್ಥಗಳನ್ನು ಬ್ರಿಟನ್ನಿಗೆ ಒಯ್ಯುವಂತಿಲ್ಲ. ಚಳಿದೇಶವೆಂದು ಅತ್ತೆಯವರು ಹೆಣೆದುಕೊಟ್ಟ ಉಣ್ಣೆಯ ಕುಲಾವಿಗಳನ್ನು ಪೆಟ್ಟಿಗೆಯಿಂದ ಹೊರತೆಗೆಯಲೇ ಇಲ್ಲ. ಆ ವರ್ಷದ ಜೂನ್ ಬ್ರಿಟನ್ನಿನ ದಾಖಲೆಗಳಲ್ಲೇ ಅತ್ಯಂತ ಬೆಚ್ಚಗಿನ ಜೂನ್ ಆಗಿತ್ತು, ನಮ್ಮ ಮನೆಯಲ್ಲಿ ಫ್ಯಾನ್ ಇರಲಿಲ್ಲ.

ವಿಮಾನದ ಹತ್ತು ಗಂಟೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದಿನ ಗೋಡೆಗೆ ತೂಗುಹಾಕುವ ತೊಟ್ಟಿಲು ಸಿಕ್ಕಿತ್ತು. ಆದರೆ ಸೀಟ್ ಬೆಲ್ಟ್ ದೀಪ ಹೊತ್ತಿಕೊಂಡಾಗಲೆಲ್ಲ ಮಲಗಿದ ಮಗುವನ್ನು ಅದರಿಂದ ಎತ್ತಿ ತೊಡೆಯ ಮೇಲೆ ಕಟ್ಟಿಕೊಳ್ಳಬೇಕಾಗಿತ್ತು, ಆ ರಾತ್ರಿ ಆ ದೀಪ ಆರು ಸಲ ಹೊತ್ತಿಕೊಂಡಿತು.

ಹಾಸನದಲ್ಲಿ ನನ್ನ ಮಗಳು ಒಂದು ದಿನಕ್ಕೆ ಎಷ್ಟು ಕೈಗಳನ್ನು ದಾಟುತ್ತಿದ್ದಳು ಎಂಬುದನ್ನು ನಾನು ಎಣಿಸಿದ್ದು ಲಂಡನ್ನಿಗೆ ಬಂದ ಮೇಲೆ. ಅಮ್ಮ ಮೀಯಿಸಿದರೆ ಚಿಕ್ಕಮ್ಮ ಸಾಂಬ್ರಾಣಿ ಹಾಕುತ್ತಿದ್ದರು, ಅಪ್ಪ ಬಿಸಿಲಿಗೆ ಒಯ್ಯುತ್ತಿದ್ದರು, ಪಕ್ಕದ ಮನೆಯ ಹುಡುಗಿ ಶಾಲೆಗೆ ಹೋಗುವ ಮೊದಲು ಸೊಂಟಕ್ಕೆ ಏರಿಸಿಕೊಂಡು ಬೀದಿಯ ತುದಿಯವರೆಗೆ ಹೋಗಿ ಬರುತ್ತಿದ್ದಳು, ಹಾಲು ಹಾಕಲು ಬಂದವರೂ ಒಂದು ಗಳಿಗೆ ಎತ್ತಿಕೊಂಡು ಕೆನ್ನೆ ಮುಟ್ಟಿಯೇ ಹೋಗುತ್ತಿದ್ದರು. ನನ್ನ ಕೈಗೆ ಅವಳು ಬರುತ್ತಿದ್ದುದು ಬಹುಪಾಲು ಹಾಲು ಕುಡಿಯಲು. ಲಂಡನ್ನಿನಲ್ಲಿ ಬೆಳಗಿನ ಎಂಟರಿಂದ ಸಂಜೆ ಆರರವರೆಗೆ ಅವಳಿಗೆ ಇದ್ದುದು ಎರಡೇ ಕೈಗಳು. ನಮ್ಮ ಮನೆಗೆ ಲಿಫ್ಟ್ ಇರಲಿಲ್ಲ, ಮೆಟ್ಟಿಲುಗಳು 46. ಸ್ಟ್ರಾಲರನ್ನು ಮೊದಲು ಕೆಳಗಿಳಿಸಲು ಹೋದರೆ ಮಗು ಮೇಲೆ ಒಂಟಿಯಾಗುತ್ತದೆ, ಮಗುವನ್ನು ಮೊದಲು ಇಳಿಸಿದರೆ ಕೆಳಗೆ ಒಂಟಿಯಾಗುತ್ತದೆ. ಆದ್ದರಿಂದ ಅವಳನ್ನು ಎದೆಗೆ ಕಟ್ಟಿಕೊಂಡು, ಮಡಿಚಿದ ಸ್ಟ್ರಾಲರನ್ನು ಬಲಗೈಯಲ್ಲಿ, ಚೀಲವನ್ನು ಎಡಭುಜದಲ್ಲಿ ಹೊತ್ತು ಇಳಿಯುವುದನ್ನು ಕಲಿತೆ. ಒಂದು ಮಹಾನಗರವನ್ನು ನಾನು ಮೊದಲ ಬಾರಿಗೆ ಮೆಟ್ಟಿಲುಗಳ ಲೆಕ್ಕದಲ್ಲಿ ತಿಳಿಯತೊಡಗಿದೆ.

1863ರಲ್ಲಿ ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್‌ವರೆಗೆ ಆರಂಭವಾದ ಲಂಡನ್ನಿನ ನೆಲದಡಿಯ ರೈಲು ಜಗತ್ತಿನಲ್ಲೇ ಮೊದಲನೆಯದು, ಮತ್ತು ಮೊದಲನೆಯದಾದ್ದರಿಂದಲೇ ಮೆಟ್ಟಿಲುಗಳಿಂದ ತುಂಬಿದೆ. ಇಂದಿಗೂ ಬೀದಿಯಿಂದ ಪ್ಲಾಟ್‌ಫಾರ್ಮಿನವರೆಗೆ ಮೆಟ್ಟಿಲಿಲ್ಲದೆ ತಲುಪಬಹುದಾದ ನಿಲ್ದಾಣಗಳು ಮೂರರಲ್ಲಿ ಒಂದರಷ್ಟು ಮಾತ್ರ. 2022ರಲ್ಲಿ ತೆರೆದ ಎಲಿಜಬೆತ್ ಮಾರ್ಗದಲ್ಲಿ ಎಲ್ಲ ನಿಲ್ದಾಣಗಳಿಗೂ ಆ ಅನುಕೂಲವಿದೆ. ನಮ್ಮ ಮನೆಯಿಂದ ನಡೆದು ಹೋಗಬಹುದಾಗಿದ್ದ ಬೆತ್ನಲ್ ಗ್ರೀನ್ ನಿಲ್ದಾಣಕ್ಕೆ ಇಲ್ಲ. ಮೊದಲ ದಿನ ಅದರ ಬಾಯಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದಾಗ, ಸುಣ್ಣಬಣ್ಣದ ಕಲೆಗಳ ಅಂಗಿ ತೊಟ್ಟ ಒಬ್ಬರು ಪಕ್ಕದಲ್ಲಿ ನಿಂತು, ‘ಮುಂದಿನ ತುದಿ ನಾನು ಹಿಡಿಯಲೇ?’ ಎಂದು ಕೇಳಿದರು. ನಾನು ತಲೆಯಾಡಿಸುತ್ತಿದ್ದಂತೆ ಅವರು ಮುಂದಿನ ಗಾಲಿಗಳ ಕಂಬಿ ಹಿಡಿದು, ನನ್ನ ಹೆಜ್ಜೆಗೆ ತಮ್ಮ ಹೆಜ್ಜೆ ಕೂಡಿಸಿ, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದು, ಸ್ಟ್ರಾಲರನ್ನು ಕೆಳಗೆ ಮೆಲ್ಲನೆ ಇಟ್ಟು ಹೊರಟುಹೋದರು. ಮಗುವಿನ ಮುಖವನ್ನು ಅವರು ನೋಡಲಿಲ್ಲ, ಹೆಣ್ಣೋ ಗಂಡೋ, ಎಷ್ಟು ತಿಂಗಳು ಎಂದು ಕೇಳಲಿಲ್ಲ. ನಮ್ಮಲ್ಲಾದರೆ ಮೊದಲು ಮಗುವಿನ ಮುಖ, ಆಮೇಲೆ ಸಹಾಯ. ಆ ಐದು ವಾರಗಳಲ್ಲಿ ಹನ್ನೆರಡು ಮಂದಿ ಅಪರಿಚಿತರು ಹೀಗೆ ನನ್ನ ಸ್ಟ್ರಾಲರನ್ನು ಎತ್ತಿದ್ದಾರೆ, ಮತ್ತು ಅವರಲ್ಲಿ ಬಹುತೇಕರು ಕೇಳಿದ್ದು ಅದೇ ಒಂದು ವಾಕ್ಯ. ಮೊದಮೊದಲು ಆ ಮೌನ ನನಗೆ ತಣ್ಣಗೆನಿಸಿತು. ಕ್ರಮೇಣ ಅದರೊಳಗಿನ ಮರ್ಯಾದೆ ಅರ್ಥವಾಯಿತು: ಮಗು ನನ್ನದು, ಭಾರವನ್ನಷ್ಟೇ ಅವರು ಹಂಚಿಕೊಳ್ಳುತ್ತಿದ್ದರು.

ಆ ನಿಲ್ದಾಣದ ಮೆಟ್ಟಿಲುಗಳ ಕಥೆ ನನಗೆ ತಿಳಿದದ್ದು ಒಂದು ವಾರದ ನಂತರ, ಪಕ್ಕದ ಉದ್ಯಾನದ ಅಂಚಿನಲ್ಲಿ ತಲೆಕೆಳಗಾಗಿ ತೂಗುವಂತಿರುವ ಮರದ ಮೆಟ್ಟಿಲುಸಾಲೊಂದನ್ನು ನೋಡಿ ಅದೇನೆಂದು ಹತ್ತಿರ ಹೋದಾಗ. ಎರಡನೇ ಮಹಾಯುದ್ಧದಲ್ಲಿ, ಇನ್ನೂ ರೈಲು ಓಡದಿದ್ದ ಆ ನಿಲ್ದಾಣ ಬಾಂಬುಗಳಿಂದ ತಪ್ಪಿಸಿಕೊಳ್ಳುವವರ ಆಶ್ರಯತಾಣವಾಗಿತ್ತು. 1943ರ ಮಾರ್ಚ್ 3ರ ರಾತ್ರಿ ಎಚ್ಚರಿಕೆಯ ಸೈರನ್ ಕೂಗಿ ಜನ ಇಳಿಯುತ್ತಿದ್ದಾಗ, ಹತ್ತಿರದ ವಿಕ್ಟೋರಿಯಾ ಪಾರ್ಕಿನಿಂದ ಹೊಸ ಬಗೆಯ ವಿಮಾನನಿರೋಧಕ ರಾಕೆಟ್‌ಗಳು ಹಾರಿದವು. ಆ ಸದ್ದಿಗೆ ಹಿಂದಿದ್ದವರು ಮುಂದೆ ನುಗ್ಗಿದರು. ಮಳೆಗೆ ಒದ್ದೆಯಾಗಿದ್ದ, ನಡುವೆ ಹಿಡಿಗಂಬಿಯಿಲ್ಲದ, ಮಂದ ಬೆಳಕಿನ ಮೆಟ್ಟಿಲುಗಳ ಕೆಳತುದಿಯಲ್ಲಿ ಹೆಂಗಸೊಬ್ಬಳು ಎಡವಿ ಬಿದ್ದಳು. ಅವಳ ಕಂಕುಳಲ್ಲಿ ಮಗುವಿತ್ತೆಂದು ಹೇಳುತ್ತಾರೆ. ಅವಳ ಮೇಲೆ ಒಬ್ಬರ ಮೇಲೊಬ್ಬರಂತೆ ಬಿದ್ದು, ಒಂದು ಬಾಂಬೂ ಬೀಳದ ಆ ಜಾಗದಲ್ಲಿ 173 ಮಂದಿ ಉಸಿರುಕಟ್ಟಿ ಸತ್ತರು. ಅವರಲ್ಲಿ 62 ಮಂದಿ ಮಕ್ಕಳು. ಸ್ಮಾರಕ ಪೂರ್ಣಗೊಂಡದ್ದು 2017ರಲ್ಲಿ. ಅದರ ಮೇಲಿನ ಹೆಸರುಗಳಲ್ಲಿ ಒಂದೇ ಮನೆತನದ ಹೆಸರು ಮೂರು ನಾಲ್ಕು ಸಲ ಬರುವುದನ್ನು ಓದುತ್ತ ನಿಂತಿದ್ದಾಗ ಮಗಳು ನನ್ನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದಿದ್ದಳು. ಅಂದಿನಿಂದ ನಾನು ಆ ಮೆಟ್ಟಿಲುಗಳನ್ನು ಇಳಿಯುವಾಗ ಗೋಡೆಯ ಕಂಬಿಯನ್ನು ಬಿಡಲಿಲ್ಲ. ಬಹುತೇಕ ದಿನ ರೈಲಿನ ಸಹವಾಸವನ್ನೇ ಬಿಟ್ಟು ಬಸ್ಸು ಹತ್ತಿದೆ.

ಮಗುವಿರುವವರಿಗೆ ಲಂಡನ್ ಎಂದರೆ ಅದರ ಬಸ್ಸುಗಳು ಎಂದೇ ನಾನು ಹೇಳುತ್ತೇನೆ. ನೆಲಮಟ್ಟಕ್ಕೆ ತಗ್ಗಿದ ಅವುಗಳ ಒಳಗೆ ಮಧ್ಯದ ಬಾಗಿಲಿನ ಬಳಿ ಗಾಲಿಕುರ್ಚಿಗೆಂದು ಮೀಸಲಾದ ಜಾಗವಿದೆ. ಅದು ಖಾಲಿಯಿದ್ದರೆ ಸ್ಟ್ರಾಲರ್ ನಿಲ್ಲಿಸಬಹುದು. ಆಗ, 2023ರಲ್ಲಿ, 1.75 ಪೌಂಡಿಗೆ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬೇಕಾದರೂ ಬದಲಿಸಬಹುದಾಗಿತ್ತು, ಕಾರ್ಡು ಮುಟ್ಟಿಸಬೇಕಷ್ಟೆ, ನಗದು ತೆಗೆದುಕೊಳ್ಳುವುದಿಲ್ಲ. ನಮ್ಮ ಬಸ್ಸು 55ನೆಯದು. ಮೇರ್ ಸ್ಟ್ರೀಟಿನಲ್ಲಿ ಹತ್ತಿದರೆ ಓಲ್ಡ್ ಸ್ಟ್ರೀಟ್, ಕ್ಲಾರ್ಕನ್‌ವೆಲ್ ದಾಟಿ ಬ್ಲೂಮ್ಸ್‌ಬರಿಯ ಅಂಚಿಗೆ ತಲುಪುತ್ತದೆ. ಎರಡನೇ ವಾರದ ಒಂದು ಬೆಳಗ್ಗೆ, ಮಗಳು ಸ್ಟ್ರಾಲರಿನಲ್ಲಿ ಆಗಷ್ಟೇ ನಿದ್ದೆ ಹೋಗಿದ್ದಾಗ, ನಿಲ್ದಾಣದಲ್ಲಿ ಗಾಲಿಕುರ್ಚಿಯ ಹಿರಿಯರೊಬ್ಬರು ಕಾಯುತ್ತಿದ್ದರು. ಆ ಜಾಗದ ಮೇಲೆ ಮೊದಲ ಹಕ್ಕು ಅವರದು. ಈ ಪ್ರಶ್ನೆ ಆ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತೆಂದು ನಂತರ ಓದಿದೆ: 2012ರಲ್ಲಿ ಉತ್ತರದ ವೆದರ್ಬಿ ಎಂಬ ಊರಿನಲ್ಲಿ ತಾಯಿಯೊಬ್ಬಳು ಮಲಗಿದ ಮಗುವಿನ ಸ್ಟ್ರಾಲರನ್ನು ಸರಿಸಲು ಒಪ್ಪದೆ ಗಾಲಿಕುರ್ಚಿಯ ಪ್ರಯಾಣಿಕರೊಬ್ಬರು ಬಸ್ಸು ಹತ್ತಲಾಗಲಿಲ್ಲ, ಚಾಲಕನು ಒಮ್ಮೆ ಕೇಳಿ ಸುಮ್ಮನಾಗುವುದು ಸಾಲದೆಂದು 2017ರಲ್ಲಿ ತೀರ್ಪು ಬಂತು. ಆ ತೀರ್ಪು ಸರಿಯೆಂದು ನನಗೆ ಅನುಮಾನವಿಲ್ಲದೆ ಅನ್ನಿಸುತ್ತದೆ, ಮಲಗಿದ ಮಗುವನ್ನು ಎತ್ತಬೇಕಾದ ತಾಯಿಯ ಸಂಕಟವೂ ನನಗೆ ಗೊತ್ತು. ಒಂದು ಕೈಯಲ್ಲಿ ಅಳುವ ಮಗು, ಇನ್ನೊಂದು ಕೈಯಲ್ಲಿ ಮಡಿಚಿಕೊಳ್ಳದ ಸ್ಟ್ರಾಲರ್ ಹಿಡಿದು ನಾನು ಪರದಾಡುತ್ತಿರುವಾಗ, ಎದುರಿನ ಸೀಟಿನಲ್ಲಿದ್ದ ತಲೆಗೆ ವಸ್ತ್ರ ಸುತ್ತಿದ್ದ ಆಫ್ರಿಕಾ ಮೂಲದ ಹೆಂಗಸೊಬ್ಬರು ಎರಡೂ ಕೈ ಚಾಚಿದರು. ನಾನು ಕೊಡಲು ಹಿಂಜರಿದೆ. ಊರಿನಲ್ಲಿ, ಹಾಸನದ ಬಸ್ಸಿನಲ್ಲಿ, ಕಿಟಕಿಯ ಮೂಲಕ ಗುರುತಿಲ್ಲದವರ ತೊಡೆಯ ಮೇಲೆ ಮಗುವನ್ನು ಕೂರಿಸಿ ಆಮೇಲೆ ತಾವು ಹತ್ತುವ ತಾಯಂದಿರನ್ನು ನೋಡಿಯೇ ಬೆಳೆದವಳು ನಾನು. ಹದಿನಾಲ್ಕು ದಿನಗಳಲ್ಲಿ ನನ್ನ ಕೈಗಳು ಇಷ್ಟು ಬಿಗಿಯಾಗಿದ್ದವು. ಆ ಹಿಂಜರಿಕೆಯನ್ನು ಅವರು ಕಂಡರು, ಬೇಸರಿಸಲಿಲ್ಲ, ಕೈಗಳನ್ನು ಹಾಗೆಯೇ ಚಾಚಿಕೊಂಡು ಕಾದರು. ಕೊಟ್ಟೆ. ಮಗಳು ಅವರ ತಲೆವಸ್ತ್ರದ ಅಂಚನ್ನು ಬಾಯಿಗಿಟ್ಟುಕೊಂಡು ಸುಮ್ಮನಾದಳು.

ಅದರ ಮುಂದಿನ ಭಾನುವಾರ ನಾವು ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿರುವ ಬಸವಣ್ಣನವರ ಪ್ರತಿಮೆಗೆ ನಮಸ್ಕರಿಸಲು ಹೋಗಿದ್ದೆವು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ ಪ್ರತಿಮೆಯದು. ಅಲ್ಲಿ ದಾವಣಗೆರೆ ಕಡೆಯ, ಬಹಳ ವರ್ಷಗಳಿಂದ ಅಲ್ಲೇ ನೆಲೆಸಿದ ಕುಟುಂಬವೊಂದು ಸಿಕ್ಕಿತು. ನಾವು ಕನ್ನಡದಲ್ಲಿ ಮಾತನಾಡುತ್ತಿದ್ದುದನ್ನು ಕೇಳಿ ಹತ್ತಿರ ಬಂದ ಹಿರಿಯಮ್ಮನವರು, ಹೆಸರು ಕೂಡ ಕೇಳುವ ಮೊದಲೇ, ‘ಕೊಡವ್ವ ಇಲ್ಲಿ ಕೂಸನ್ನ, ನೀ ಒಂಚೂರು ಕುಂತ್ಕ’ ಎಂದು ನನ್ನ ಕಂಕುಳಿನಿಂದ ಮಗಳನ್ನು ತೆಗೆದುಕೊಂಡೇ ಬಿಟ್ಟರು. ಮೂರು ವಾರಗಳಲ್ಲಿ ನನ್ನನ್ನು ಕೇಳದೆ ನನ್ನ ಮಗುವನ್ನು ಎತ್ತಿಕೊಂಡವರು ಅವರೊಬ್ಬರೇ. ಕಲ್ಲುಬೆಂಚಿನ ಮೇಲೆ ಕುಳಿತೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡೆ, ಕಣ್ಣು ತುಂಬಿ ಬಂತು.

55ನೇ ಬಸ್ಸಿನಿಂದ ಥಿಯೋಬಾಲ್ಡ್ಸ್ ರಸ್ತೆಯಲ್ಲಿಳಿದು ಲ್ಯಾಂಬ್ಸ್ ಕಾಂಡ್ಯೂಟ್ ಸ್ಟ್ರೀಟಿನ ತುದಿಯವರೆಗೆ ನಡೆದರೆ ಕೋರಮ್ಸ್ ಫೀಲ್ಡ್ಸ್ ಎಂಬ ಏಳು ಎಕರೆಯ ಆಟದ ಬಯಲು ಸಿಗುತ್ತದೆ. ಮಗು ಜೊತೆಗಿಲ್ಲದ ದೊಡ್ಡವರಿಗೆ ಅಲ್ಲಿ ಪ್ರವೇಶವಿಲ್ಲ. ಲಂಡನ್ನಿನಲ್ಲಿ ಮಗುವಿನ ಕಾರಣದಿಂದ ನಾನು ಹೋಗಲಾಗದ ಜಾಗಗಳು ಹಲವಿದ್ದವು, ಮಗು ಇದ್ದುದರಿಂದಲೇ ನನ್ನನ್ನು ಒಳಗೆ ಬಿಟ್ಟ ಜಾಗ ಇದು. ಹುಲ್ಲಿನ ಮೇಲೆ ಸೀರೆಯ ತುಂಡು ಹಾಸಿ, ಫ್ಲಾಸ್ಕಿನಲ್ಲಿ ತಂದ ರಾಗಿ ಸರಿ ತಿನ್ನಿಸಿ, ಅವಳನ್ನು ಅಂಬೆಗಾಲಿಡಲು ಬಿಟ್ಟೆ. ಮೂರನೇ ದಿನ ಹೋದಾಗ ಆ ಬಯಲು ಏಕಿದೆ ಎಂಬುದನ್ನು ತಿಳಿಯಲು ಪಕ್ಕದ ಬ್ರನ್ಸ್‌ವಿಕ್ ಚೌಕದಲ್ಲಿರುವ ಫೌಂಡ್ಲಿಂಗ್ ವಸ್ತುಸಂಗ್ರಹಾಲಯಕ್ಕೆ ಹೋದೆ.

ಹಡಗಿನ ಕಪ್ತಾನನಾಗಿದ್ದ ಥಾಮಸ್ ಕೋರಮ್, ಲಂಡನ್ನಿನ ಬೀದಿಬದಿಗಳಲ್ಲಿ ಬಿಟ್ಟುಹೋದ ಕೂಸುಗಳನ್ನು ಕಂಡು ಮನನೊಂದು, ವರ್ಷಗಟ್ಟಲೆ ಅಲೆದು, 1739ರಲ್ಲಿ ಅರಸನ ಸನ್ನದು ಪಡೆದು ಅಂಥ ಮಕ್ಕಳಿಗೆ ಒಂದು ಆಶ್ರಯವನ್ನು ಸ್ಥಾಪಿಸಿದ. ಮುಂದೆ ಆ ಆಶ್ರಯದ ಕಟ್ಟಡ ನಿಂತಿದ್ದ ಜಾಗವೇ ಈಗಿನ ಆಟದ ಬಯಲು. 1741ರಲ್ಲಿ ಮೊದಲ ಮಕ್ಕಳು ಸೇರಿದರು. ತರುವ ತಾಯಂದಿರ ಸಂಖ್ಯೆ ಇರುವ ಜಾಗಕ್ಕಿಂತ ಬಹಳ ಹೆಚ್ಚಾದಾಗ ಚೀಲದೊಳಗೆ ಬಣ್ಣದ ಚೆಂಡುಗಳನ್ನಿಟ್ಟು ತೆಗೆಸುವ ಪದ್ಧತಿ ಬಂತು: ಬಿಳಿ ಬಂದರೆ ಮಗುವಿಗೆ ಜಾಗ, ಕೆಂಪು ಬಂದರೆ ಕಾಯಬೇಕು, ಕಪ್ಪು ಬಂದರೆ ಮಗುವನ್ನೆತ್ತಿಕೊಂಡು ಹಿಂತಿರುಗಬೇಕು. ಸೇರಿದ ಮಗುವಿಗೆ ಹೊಸ ಹೆಸರಿಡುತ್ತಿದ್ದರು, ತಾಯಿಯ ಹೆಸರು ಕೇಳುತ್ತಿರಲಿಲ್ಲ. ಆದರೆ ಮುಂದೆಂದಾದರೂ ಅವಳು ಬಂದರೆ ಗುರುತು ಸಿಗಲೆಂದು ಮಗುವಿನ ಬಟ್ಟೆಯಿಂದ ಒಂದು ತುಂಡು ಕತ್ತರಿಸಿ ದಾಖಲೆಯ ಹಾಳೆಗೆ ಸಿಕ್ಕಿಸುತ್ತಿದ್ದರು. ಕೆಲವು ತಾಯಂದಿರು ತಾವೇ ಒಂದು ನಾಣ್ಯವನ್ನೋ ಗುಂಡಿಯನ್ನೋ ಬಿಟ್ಟುಹೋಗುತ್ತಿದ್ದರು. ಹೂವಿನ ಚಿತ್ತಾರದ, ಗೆರೆಯ, ಅಗ್ಗದ ಹತ್ತಿಯ ಅಂಥ ಸುಮಾರು 5,000 ತುಂಡುಗಳು ಉಳಿದಿವೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಬಡ ಹೆಂಗಸರು ಉಟ್ಟ ಬಟ್ಟೆ ಹೇಗಿತ್ತೆಂದು ತಿಳಿಯಲು ಇಂದು ವಿದ್ವಾಂಸರು ಅವುಗಳನ್ನೇ ನೋಡುತ್ತಾರೆ. 1741ರಿಂದ 1760ರವರೆಗೆ ಸೇರಿದ 16,282 ಮಕ್ಕಳಲ್ಲಿ ಮತ್ತೆ ತಾಯಿ ತಂದೆಯರ ಕೈಗೆ ಹೋದವರು 152 ಮಾತ್ರ.

ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದಾಗ ಮಗಳಿಗೆ ಹಸಿವಾಯಿತು. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಜಾಗದಲ್ಲಿ ಹಾಲುಣಿಸುವ ತಾಯಿಯನ್ನು ಯಾರೂ ಎಬ್ಬಿಸಿ ಕಳುಹಿಸುವಂತಿಲ್ಲ, 2010ರ ಸಮಾನತಾ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಅಲ್ಲೇ ಬೆಂಚಿನ ಮೇಲೆ ಕುಳಿತು, ಅಮ್ಮನ ಸೀರೆಯ ತುಂಡನ್ನು ಹೊದ್ದು ಹಾಲುಣಿಸಿದೆ. ಎದುರಿನ ಗಾಜಿನೊಳಗೆ ತಾಯೊಬ್ಬಳು ಬಿಟ್ಟುಹೋದ ಒಂದು ಹೇಜಲ್‌ನಟ್ ಕಾಯಿಯ ಸಿಪ್ಪೆಯಿತ್ತು. ಬೆಲೆಯುಳ್ಳದ್ದೇನೂ ಇಲ್ಲದವಳು ಕೊಟ್ಟ ಗುರುತು. ಸೀರೆಯ ಆ ತುಂಡು ನನ್ನ ಕೈಯಲ್ಲಿ ತೀರಾ ತೆಳ್ಳಗೆ ಅನ್ನಿಸಿತು.

ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲೇ ನಾನು ನೋಡಬೇಕಾಗಿದ್ದ ಮನೆಯೊಂದಿದ್ದುದು ಗೊತ್ತಾಗಿದ್ದು ಕೊನೆಯ ವಾರದಲ್ಲಿ. ಕಿಂಗ್ ಎಡ್ವರ್ಡ್ಸ್ ರಸ್ತೆಯ 26ನೇ ಸಂಖ್ಯೆಯ ಮನೆಯ ಗೋಡೆಯಲ್ಲಿ, ಲಂಡನ್ನಿನ ಚಾರಿತ್ರಿಕ ಮನೆಗಳಿಗೆ ಹಾಕುವ ನೀಲಿ ಫಲಕವಿದೆ. ಅದನ್ನು ಹಾಕಿದ್ದು 2022ರ ಜೂನ್‌ನಲ್ಲಿ, ನಾವು ಹೋಗುವ ಒಂದು ವರ್ಷ ಮೊದಲು. 1900ರಿಂದ 1921ರವರೆಗೆ ಅದು ಆಯಾಗಳ ಮನೆಯಾಗಿತ್ತು. ಭಾರತದಿಂದ ಊರಿಗೆ ಹೊರಟ ಬ್ರಿಟಿಷ್ ಕುಟುಂಬಗಳು ಹಡಗಿನ ವಾರಗಟ್ಟಲೆಯ ಪ್ರಯಾಣದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಆಯಾಗಳನ್ನು ಜೊತೆಗೆ ಕರೆತರುತ್ತಿದ್ದವು. ಬಂದರು ಮುಟ್ಟಿದ ಮೇಲೆ ಕೆಲವರನ್ನು, ಹಿಂತಿರುಗುವ ಟಿಕೆಟನ್ನೂ ಕೊಡದೆ, ಅಲ್ಲಿಯೇ ಬಿಟ್ಟುಬಿಡುತ್ತಿದ್ದವು. ಅಂಥವರಿಗೆ ಈ ಮನೆಯಲ್ಲಿ ಊಟ, ಹಾಸಿಗೆ ಸಿಗುತ್ತಿತ್ತು. ಭಾರತಕ್ಕೆ ಹೊರಟ ಇನ್ನೊಂದು ಕುಟುಂಬ ಸಿಕ್ಕಿದರೆ, ಅವರ ಮಗುವನ್ನು ಎತ್ತಿಕೊಂಡು ಊರಿಗೆ ಮರಳಬಹುದಾಗಿತ್ತು. ಮರಳುವ ದಾರಿಗೂ ಒಂದು ಮಗು ಬೇಕಾಗಿತ್ತು. ಹಡಗಿನ ಪಟ್ಟಿಗಳಲ್ಲಿ ಅವರ ಸ್ವಂತ ಹೆಸರುಗಳು ಹೆಚ್ಚಾಗಿ ಇಲ್ಲ. ಒಡೆಯರ ಹೆಸರಿನ ಪಕ್ಕದಲ್ಲಿ ‘ಆಯಾ’ ಎಂದಷ್ಟೇ ಇದೆ. ಅವರಲ್ಲೊಬ್ಬಳು 54 ಬಾರಿ ಹೀಗೆ ಸಮುದ್ರ ದಾಟಿದ್ದಳೆಂದು ದಾಖಲಾಗಿದೆ.

ಹತ್ತು ಗಂಟೆಯ ವಿಮಾನ, ತೊಟ್ಟಿಲಿನ ಸೀಟು, ಡೈಪರು, ಕೈಯಲ್ಲಿ ಫೋನು, ಸಂಜೆಗೆ ಮನೆಗೆ ಬರುವ ಪತಿ, ಇಷ್ಟೆಲ್ಲ ಇದ್ದೂ ದಣಿದಿದ್ದ ನಾನು ಆ ಫಲಕದ ಕೆಳಗೆ ಬಹಳ ಹೊತ್ತು ನಿಂತೆ. ತಿಂಗಳುಗಟ್ಟಲೆ ಎದೆಗೊತ್ತಿ ಮಲಗಿಸಿದ ಮಗುವನ್ನು ಬಂದರಿನಲ್ಲಿ ಒಪ್ಪಿಸಿಬಿಟ್ಟ ಆ ಹೆಂಗಸರ ತೋಳುಗಳು ಮೊದಲ ರಾತ್ರಿ ಏನು ಮಾಡಿದವು ಎಂಬುದನ್ನು ಯಾವ ದಾಖಲೆಯೂ ಬರೆದಿಟ್ಟಿಲ್ಲ. ಅವರಲ್ಲಿ ತಮ್ಮ ಮಕ್ಕಳನ್ನು ಊರಿನಲ್ಲಿ ಯಾರ ಕೈಗೋ ಕೊಟ್ಟು ಬಂದವರೂ ಇದ್ದಿರಬೇಕು. ಈ ನಗರದ ಬೀದಿಗಳಲ್ಲಿ ಸೀರೆಯುಟ್ಟು ಮಗುವನ್ನೆತ್ತಿಕೊಂಡು ನಡೆದವರಲ್ಲಿ ನಾನೇ ಹೊಸಬಳೆಂಬ ಭಾವನೆ ಐದು ವಾರ ನನ್ನಲ್ಲಿತ್ತು. ನನಗಿಂತ ನೂರು ವರ್ಷ ಮೊದಲೇ ನಮ್ಮ ಹೆಂಗಸರು ಇದೇ ಮೇರ್ ಸ್ಟ್ರೀಟಿನಲ್ಲಿ ನಡೆದಿದ್ದರು. ಮಗಳು ಸ್ಟ್ರಾಲರಿನಲ್ಲಿ ಮಲಗಿದ್ದಳು. ಎಬ್ಬಿಸಬಾರದೆಂದು ಗೊತ್ತಿದ್ದೂ ಎತ್ತಿಕೊಂಡೆ.

ಜುಲೈ ಮೊದಲ ವಾರದ ಒಂದು ನಸುಕಿನಲ್ಲಿ ಬೆಂಗಳೂರಿನ ವಿಮಾನನಿಲ್ದಾಣದ ಹೊರಗೆ ಅಮ್ಮ ಅಪ್ಪ ಕಾಯುತ್ತಿದ್ದರು. ಅಮ್ಮ ಎರಡು ಕೈ ಚಾಚಿದರು. ಮಗಳು ಅವರನ್ನು ದಿಟ್ಟಿಸಿ ನೋಡಿ, ಮುಖ ತಿರುಗಿಸಿ ನನ್ನ ಕುತ್ತಿಗೆಯಲ್ಲಿ ಹುದುಗಿಕೊಂಡಳು. ಅಮ್ಮನ ಮುಖ ಒಂದು ಗಳಿಗೆ ಬಾಡಿತು. ‘ಇರಲಿ ಬಿಡು, ಬೆಳಕಿನ್ನೂ ಹರಿದಿಲ್ಲ, ಗುರುತು ಹತ್ತಲಿಲ್ಲ’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಕಾರಿನಲ್ಲಿ ನಮ್ಮ ಪಕ್ಕ ಕುಳಿತರು. ಅವಳನ್ನು ಮಾತಾಡಿಸಲಿಲ್ಲ, ಎಳೆದುಕೊಳ್ಳಲಿಲ್ಲ, ಅಂಗೈಯನ್ನು ಮಾತ್ರ ತಮ್ಮ ತೊಡೆಯ ಮೇಲೆ ತೆರೆದಿಟ್ಟುಕೊಂಡಿದ್ದರು. ನೆಲಮಂಗಲ ದಾಟಿದ ಮೇಲೆ ಸೂರ್ಯ ಮೇಲೆ ಬಂದ. ಮಗಳು ನನ್ನ ಹೆಗಲಿನಿಂದ ತಲೆಯೆತ್ತಿ ಅಮ್ಮನ ಹಸಿರು ಬಳೆಗಳನ್ನು ನೋಡಿದಳು, ಒಂದನ್ನು ಮುಟ್ಟಿ ಸರಿಸಿದಳು, ಅದರ ಸದ್ದು ಕೇಳಿ ಇನ್ನೊಂದನ್ನು ಸರಿಸಿದಳು. ಕುಣಿಗಲ್ಲಿನಲ್ಲಿ ಕಾಫಿಗೆಂದು ನಿಲ್ಲಿಸುವ ಹೊತ್ತಿಗೆ ಅವಳು ಅಮ್ಮನ ತೊಡೆಯ ಮೇಲಿದ್ದಳು.